ಉಂಗುರ ಬೆರಳಿನ ಸುಳ್ಳು

"ಎಷ್ಟು ಎತ್ತರದಿಂದ ಬಿದ್ರಿ?"

"ಬೀಳಲಿಲ್ಲ. ಬಂಡೆಯ ಸಣ್ಣ ಅಂಚು ಹಿಡ್ಕೊಂಡಿದ್ದೆ... ಬೆರಳು ಟಪ್ ಅಂತು."

ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ತಲೆಯೆತ್ತಿ ನೋಡಿದ. ಅವಳ ಬಲಗೈಯ ಉಂಗುರ ಬೆರಳು ಊದಿಕೊಂಡು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅದನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಬುಡವನ್ನು ಮೆಲ್ಲನೆ ಒತ್ತಿದ.

ಅವಳ ಕಣ್ಣು ತುಂಬಿತು. ನೋವಿಗೋ, ಇಷ್ಟು ಮೃದುವಾಗಿ ಯಾರೂ ಕೈ ಹಿಡಿಯದೆ ವರ್ಷಗಳೇ ಆಗಿದ್ದಕ್ಕೋ... ಅವಳಿಗೇ ತಿಳಿಯಲಿಲ್ಲ.

"ಬೆರಳು ಮಡಿಸೋ ದಾರ ಇರುತ್ತಲ್ಲ, ಅದನ್ನ ಮೂಳೆಗೆ ಒತ್ತಿ ಹಿಡಿಯೋ ಪಟ್ಟಿ ಒಂಚೂರು ಹರಿದಿದೆ. ಆಪರೇಷನ್ ಬೇಡ. ಆದ್ರೆ ಸದ್ಯಕ್ಕೆ ಬಂಡೆ ಕಡೆ ತಲೆ ಹಾಕಿ ಮಲಗೋದೂ ಬೇಡ."

ಅವಳು ಶಾಲೆಯಲ್ಲಿ ಭೂಗೋಳದ ಟೀಚರ್. ವಾರವಿಡೀ ಬೆಟ್ಟಗಳ ಪಾಠ ಮಾಡಿ, ಭಾನುವಾರ ಬಂಡೆ ಹತ್ತುವವಳು.

ವಾರಕ್ಕೆ ಮೂರು ಸಲ ಬರಬೇಕೆಂದು ಅವನು ಚೀಟಿಯಲ್ಲಿ ಬರೆದುಕೊಟ್ಟ. ಮೊದಮೊದಲು ಬರೀ ಟೇಪು, ವಿಶ್ರಾಂತಿ. ಆಮೇಲೆ ಬೆರಳನ್ನು ನಿಧಾನವಾಗಿ ಮಡಿಸಿ ಬಿಡಿಸುವುದು. ಆಮೇಲೆ ಮೆತ್ತನೆಯ ಜೇಡಿಮಣ್ಣಿನ ಉಂಡೆ ಹಿಸುಕುವುದು. ಅಲ್ಲಿಯವರೆಗೆ ಅವಳು ಕರಿಹಲಗೆಯ ಮೇಲೆ ಎಡಗೈಯಲ್ಲೇ ಸೊಟ್ಟಸೊಟ್ಟ ನಕ್ಷೆ ಬರೆಯುತ್ತಿದ್ದಳು.

"ಟೀಚರಮ್ಮ, ಇವತ್ತು ಆಫ್ರಿಕಾ ಹೇಗಿದೆ?"

"ಇನ್ನೂ ಊತ ಇಳಿದಿಲ್ಲ."

ಅವನು ನಕ್ಕರೆ ಅವಳಿಗೆ ಆ ದಿನವೇ ಹಗುರ.

ಎರಡು ತಿಂಗಳ ಬಳಿಕ ಒಂದು ಬೆಳಿಗ್ಗೆ ಒದ್ದೆ ಬಟ್ಟೆ ಹಿಂಡುವಾಗ ಗೊತ್ತಾಯಿತು, ನೋವಿಲ್ಲ. ಸಂತೋಷವಾಗಬೇಕಿತ್ತು. ಆಗಲಿಲ್ಲ.

'ಇನ್ನು ಯಾವ ಕಾರಣಕ್ಕೆ ಹೋಗಲಿ...'

ಅಂದು ಸಂಜೆ ಅವನು ಬೆರಳು ಒತ್ತಿದಾಗ ಅವಳು ಮುಖ ಕಿವುಚಿದಳು. "ಸ್ವಲ್ಪ ನೋವಿದೆ."

ಹೀಗೇ ಮೂರು ವಾರ. ಒಂದು ದಿನ ಹೋದಾಗ ಅವನ ಮೇಜಿನ ತುಂಬ ಪುಸ್ತಕಗಳು ತೆರೆದು ಬಿದ್ದಿದ್ದವು. ಅವನ ಕಣ್ಣುಗಳು ಗುಳಿಬಿದ್ದಿದ್ದವು.

"ಸರ್ಜನ್ ಹತ್ರ ಮಾತಾಡಿದೆ. ಆಪರೇಷನ್ ಬೇಕಾಗ್ಬಹುದು ಅಂದ್ರು. ನನ್ನಿಂದ ಎಲ್ಲೋ ತಪ್ಪಾಗಿದೆ... ಕ್ಷಮಿಸಿ."

ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ನೋವಿಲ್ಲ. ಮೂರು ವಾರದಿಂದ ಇಲ್ಲ."

"ಮತ್ಯಾಕೆ..."

ಅವನು ಒಂದೊಂದೇ ಪುಸ್ತಕ ಮುಚ್ಚಿದ.

"ನಿದ್ದೆಗೆಟ್ಟು ಓದಿದೀನಿ ನಾನು. ನಿಮಗೆ ತಮಾಷೆಯಾಯ್ತಾ? ನೀವಿನ್ನು ಬರೋದು ಬೇಡ."

ಒಂದು ತಿಂಗಳು ಕಳೆಯಿತು. ಶಾಲೆಯಿಂದ ಬರುವ ಬಸ್ಸು ಆಸ್ಪತ್ರೆಯ ಮುಂದೆ ನಿಂತಾಗಲೆಲ್ಲ ಅವಳು ಮೊದಲ ಮಹಡಿಯ ಮೂರನೇ ಕಿಟಕಿ, ಅವನ ಕೋಣೆಯದು, ನೋಡುತ್ತಿದ್ದಳು. ದೀಪ ಉರಿಯುತ್ತಿದ್ದರೆ, ಈಗ ಯಾರ ಕೈ ಅವನ ಕೈಯಲ್ಲಿದೆಯೋ ಎಂಬ ಸಂಕಟ. ಉರಿಯದಿದ್ದರೆ, ಹುಷಾರಿಲ್ಲವೇನೋ ಎಂಬ ಸಂಕಟ.

"ಬೆರಳು ವಾಸಿಯಾಯ್ತಲ್ಲೇ, ಮುಖ ಯಾಕೆ ಬಾಡಿದೆ?" ಅಕ್ಕ ಕೇಳಿದಳು. ಎಲ್ಲ ಕೇಳಿಸಿಕೊಂಡು ತಲೆ ಚಚ್ಚಿಕೊಂಡಳು. "ಸುಳ್ಳು ಹೇಳೋಕೆ ಬಾಯಿತ್ತು, ನಿಜ ಹೇಳೋಕೆ ಇಲ್ವಾ?"

ಅಂದು ರಾತ್ರಿ ಅವಳು ಅವನಿಗೆ ಕಾಗದ ಬರೆದಳು. 'ತಮಾಷೆ ಮಾಡಲಿಲ್ಲ. ನಿಮ್ಮ ಎದುರು ಇನ್ನಷ್ಟು ದಿನ ಕೂತಿರಬೇಕು ಅನ್ನಿಸಿತು. ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು.'

ಹತ್ತು ದಿನವಾದರೂ ಉತ್ತರವಿಲ್ಲ.

ಭಾನುವಾರ ದೊಡ್ಡ ಹಿಡಿತಗಳಿರುವ ಸುಲಭದ ಬಂಡೆಯನ್ನಷ್ಟೇ ಹತ್ತಿ ಇಳಿದು ಸೊಂಟದ ಹಗ್ಗ ಬಿಚ್ಚುತ್ತಿದ್ದಳು. ಕಲ್ಲುದಾರಿಯಲ್ಲಿ ಆಸ್ಪತ್ರೆಯ ಬೂಟಿನಲ್ಲೇ ಜಾರುತ್ತಾ, ಏದುಸಿರು ಬಿಡುತ್ತಾ ಅವನು ಬಂದ.

ಅವಳ ಬೆರಳು ಹಿಡಿದು ಮಡಿಸಿ ನೋಡಿದ.

"ಉತ್ತರ ಬರೆಯೋಕೆ ಕೂತಾಗೆಲ್ಲ ನನ್ನ ಸುಳ್ಳೇ ಅಡ್ಡ ಬಂತು."

"ನಿಮ್ಮ ಸುಳ್ಳಾ?"

"ವಾರಕ್ಕೊಂದು ಸಲ ಬಂದಿದ್ರೆ ಸಾಕಿತ್ತು ನೀವು. ನಾನು ಮೂರು ಸಲ ಅಂತ ಬರೆದೆ... ಮೊದಲ ದಿನವೇ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನು ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

"ಹಾಗಾದ್ರೆ ನಾಳೆ ಯಾವ ನೆಪ ಹೇಳಿ ಬರಲಿ?"

"ನೆಪ ಬೇಡ," ಎಂದ ಅವನು. "ಸುಮ್ನೆ ಬಾ."