ದಂಡೆಗೆ ಹತ್ತಿದ ಸಿಗಡಿಗಳು

“ನೋಡಿ ವರ್ಲಿನ್ ಅವರೇ, ನಿಮ್ಮ ತೊರೆ ಸತ್ತಿಲ್ಲ.”

ಗಣಿ ಕಂಪನಿಯ ಪ್ರುಯಿಟ್ ನೀರಿನೊಳಗಿನ ಕಲ್ಲೊಂದನ್ನು ಎತ್ತಿದ. ಅಡಿಯಲ್ಲಿ ಒಂದು ಸಿಗಡಿ ಇಕ್ಕಳದಂಥ ಮುಂಗಾಲು ಅಲ್ಲಾಡಿಸುತ್ತಿತ್ತು. ಅವನು ಫೋಟೋ ತೆಗೆದ.

ವರ್ಲಿನ್ ಅಜ್ಜನ ಪಕ್ಕ ನಿಂತಿದ್ದ ಪುಟ್ಟ ಟ್ರೆಸ್ಸಿ ತಲೆ ತಗ್ಗಿಸಿದಳು.

ಗುಡ್ಡದ ಮೇಲಿನ ಕಲ್ಲಿದ್ದಲು ಗಣಿ ತನ್ನ ಹೊಲಸು ನೀರನ್ನು ಈ ತೊರೆಗೇ ಬಿಡುತ್ತಿತ್ತು. ಅದಕ್ಕೆ ಕೊಟ್ಟ ಪರ್ಮಿಟ್ ರದ್ದಾಗಲಿ ಎಂದು ಅವಳ ಅಜ್ಜ ಕೋರ್ಟಿಗೆ ಹೋಗಿದ್ದ. ನಾಳೆಯೇ ಚಾರ್ಲ್‌ಸ್ಟನ್ ನಗರದ ಕೋರ್ಟಿನಲ್ಲಿ ವಿಚಾರಣೆ. ತೊರೆಯಲ್ಲಿ ಒಂದು ಹುಳವೂ ಉಳಿದಿಲ್ಲ ಎನ್ನುವುದೇ ಅಜ್ಜನ ದೂರು.

“ಇಲ್ಲಿ ಕಪ್ಪೆ ಕೂಗಿ ಎಷ್ಟು ಕಾಲ ಆಯ್ತು. ಇದೆಲ್ಲಿಂದ ಬಂತು?” ಅಜ್ಜ ಗೊಣಗಿದ.

“ವಯಸ್ಸಾಯ್ತಲ್ಲ, ಕಿವಿ ಕೇಳ್ಸಲ್ವೇನೋ,” ಎಂದ ಪ್ರುಯಿಟ್.

“ನಿನ್ನ ಸುಳ್ಳು ಚೆನ್ನಾಗೇ ಕೇಳ್ಸುತ್ತಪ್ಪ.”

ಮುಂಚೆಲ್ಲ ಅಜ್ಜ ಮೆಕ್ಕೆಜೋಳದ ಬ್ರೆಡ್ಡನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಸಂಜೆ ಇಲ್ಲೇ ಕೂರುತ್ತಿದ್ದ. ಈಗ ಈ ಕಡೆ ಬರುವುದನ್ನೇ ಬಿಟ್ಟಿದ್ದ. ಅದಕ್ಕೇ ಟ್ರೆಸ್ಸಿ ನಿನ್ನೆ ಗುಡ್ಡದಾಚೆಯ ತೊರೆಯಿಂದ ಒಂದು ಬಕೆಟ್ ಸಿಗಡಿ ತಂದು ಇಲ್ಲಿ ಬಿಟ್ಟಿದ್ದಳು. ಅಜ್ಜ ನೋಡಿ ಖುಷಿಪಡಲಿ ಎಂದು.

ಆಗ ಚರಚರ ಸದ್ದು ಕೇಳಿಸಿತು.

ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಗಣಿಯ ನೀರಿಗೆ ಬಿಳಿ ಪೊರೆ ಕಟ್ಟಿದ ಕಲ್ಲುಗಳ ಸಂದಿಯಿಂದ ಸಿಗಡಿಗಳು ಒಂದರ ಹಿಂದೆ ಒಂದು ಹೊರಗೆ ಬರುತ್ತಿದ್ದವು. ಒಣ ದಂಡೆಗೆ ಹತ್ತಿ, ನೀರಿಗೆ ಬೆನ್ನು ಮಾಡಿ, ಸುಮ್ಮನೆ ನಿಂತುಬಿಟ್ಟವು.

ಟ್ರೆಸ್ಸಿ ಒಂದನ್ನು ಮೆಲ್ಲಗೆ ನೀರಿಗೆ ತಳ್ಳಿದಳು. ಅದು ಅವಳ ಬೆರಳನ್ನೇ ಹಿಡಿದು ಮತ್ತೆ ಮೇಲೆ ಬಂತು.

ಪ್ರುಯಿಟ್ ಫೋನನ್ನು ಕೆಳಗಿಳಿಸಿದ.

“ಅಜ್ಜ... ಇವನ್ನ ಆಚೆ ತೊರೆಯಿಂದ ನಾನೇ ತಂದು ಬಿಟ್ಟಿದ್ದು.”

ಅಜ್ಜ ಬೈಯಲಿಲ್ಲ. ಅವನ ಕಣ್ಣು ಸಿಗಡಿಗಳ ಮೇಲೇ ಇತ್ತು.

“ಮಗು ಮಾತು ಯಾರು ನಂಬ್ತಾರೆ? ನನ್ನ ಹತ್ರ ಫೋಟೋ ಇದೆ,” ಎಂದ ಪ್ರುಯಿಟ್. ಆದರೆ ಅವನ ದನಿ ಸಣ್ಣಗಾಗಿತ್ತು.

“ನಾಳೆ ಜಡ್ಜ್ ಮುಂದೆ ಹೇಳ್ತೀಯೇನಮ್ಮ?” ಅಜ್ಜ ಕೇಳಿದ.

ಟ್ರೆಸ್ಸಿ ತಲೆಯಾಡಿಸಿದಳು. “ಹೇಳ್ತೀನಿ. ಮೊದಲು ಇವನ್ನ ಇವುಗಳ ಮನೆಗೆ ಬಿಟ್ಟು ಬರ್ತೀನಿ.”

ಅವಳು ಒದ್ದೆ ಪಾಚಿ ಹಾಸಿದ್ದ ನಿನ್ನೆಯ ಬಕೆಟ್ಟನ್ನು ತಂದು ದಂಡೆಯಲ್ಲಿ ಮಲಗಿಸಿದಳು. ಸಿಗಡಿಗಳು ತಾವಾಗಿಯೇ ಒಳಗೆ ನಡೆದವು.

ಗುಡ್ಡದಾಚೆ ಅವನ್ನು ಬಿಟ್ಟಾಗ ಸೂರ್ಯ ಇಳಿಯುತ್ತಿದ್ದ. ಅವು ಸರ್ರನೆ ಕಲ್ಲಡಿಗೆ ಸೇರಿಕೊಂಡವು. ಸುತ್ತಲೂ ಕಪ್ಪೆಗಳು ಕಿವಿಗಡಚಿಕ್ಕುವಂತೆ ಕೂಗುತ್ತಿದ್ದವು.

ಖಾಲಿ ಬಕೆಟ್ ಹಿಡಿದು ಟ್ರೆಸ್ಸಿ ಹಿಂತಿರುಗಿದಳು. ಗುಡ್ಡದ ನೆತ್ತಿಯಲ್ಲಿ ಆ ಕೂಗು ನಿಂತುಹೋಯಿತು. ಕೆಳಗೆ ತಮ್ಮ ತೊರೆ ಮಿನುಗುತ್ತಿತ್ತು.

ಅದು ಎಷ್ಟು ಸುಮ್ಮನಿದೆ ಎನ್ನುವುದು ಅವಳಿಗೆ ಅವತ್ತೇ ಮೊದಲ ಸಲ ಕೇಳಿಸಿತು.