ಗುಮ್ಮಟದ ಕಟ್ಟೆಯಿಂದ ನೂರು ಮೀಟರ್

ಪುರಾತತ್ವ ಇಲಾಖೆಯ ಅರ್ಮಾನ ಮೊದಲ ಸಲ ಬಂದಾಗ ತಬಸ್ಸುಮ ಅವನಿಗೆ ಚಹಾ ಕೊಡಲಿಲ್ಲ, ಬೈಗುಳ ಕೊಟ್ಟಳು.

“ಮಳ್ಯಾಗ ಮನಿ ಬಿದ್ದಾಗ ನಿಮ್ಮ ಇಲಾಖೆ ಎಲ್ಲಿತ್ರಿ? ಪಾಯಾ ತೋಡಿದ ಕೂಡ್ಲೇ ಬಂದಬಿಟ್ರಿ!”

“ನಾ ಗುಮ್ಮಟಾ ಕಾಯಾಂವ್ರಿ.”

“ಹಂಗಾರ ಗುಮ್ಮಟದಾಗ ಇರ್ರಿ ಹೋಗ್ರಿ.”

ಅವನು ನಗಬಾರದಿತ್ತು, ನಕ್ಕುಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು.

ರಾಯಬಾಗದ ಆಚೆಯ ಆ ಊರಿನ ಹಳೆಯ ಗುಮ್ಮಟ ಸಂರಕ್ಷಿತ ಸ್ಮಾರಕ. ಅದರ ಕಟ್ಟೆಯ ಅಂಚಿನಿಂದ ನೂರು ಮೀಟರ್ ಒಳಗೆ ಹೊಸ ಮನೆ ಏಳುವಂತಿಲ್ಲ. ಸತ್ತವರಿಗೆ ಅಷ್ಟಗಲ ಜಾಗ, ಬದುಕಿದವರಿಗೆ ಗೇಣು ಜಾಗವಿಲ್ಲ! ತಬಸ್ಸುಮಳ ತಂದೆ ಬಂದಗಿಸಾಬ ಗಾದಿ ಹೊಲಿಯುವವರು. ಮಣ್ಣಿನ ಮನೆ ಕುಸಿದ ಮೇಲೆ ತಂದೆ ಮಗಳು ಹತ್ತಿಯ ಗಂಟುಗಳ ನಡುವೆ ತಗಡಿನ ಕೆಳಗಿದ್ದರು. ಇಲಾಖೆಯ ಅಳತೆ ಆಗುವ ತನಕ ಪಾಯ ತೆರೆದೇ ಇತ್ತು, ಅದರಲ್ಲಿ ಮಳೆನೀರು ನಿಂತಿತ್ತು.

ಅಳತೆಯ ಆದೇಶ ಬರುವುದು ತಡವಾಯಿತು. ಗುಮ್ಮಟದ ಬಿರುಕುಗಳಿಗೆ ಗಾರೆ ಹಾಕಿಸಲು ಅರ್ಮಾನ ದಿನಾ ಬರುತ್ತಿದ್ದ. ಬೈಗುಳ ಕರಗಿ ಚಹಾ ಆಯಿತು. ಚಹಾ ಕುಡಿಯುವಾಗ ಅವನ ಕಣ್ಣು ಕಪ್ಪಿನ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿತ್ತು.

“ನಿಮ್ಮ ಹುಬ್ಬಿನ ಮ್ಯಾಲ ಹತ್ತಿ ಕುಂತೈತ್ರಿ.”

“ಕುಂದರ್ಲಿ. ಅದಕ್ಕೂ ನೋಟಿಸ್ ಕೊಡ್ತೀರೇನು?”

ಆ ದಿನ ಅವಳು ಹುಬ್ಬಿನ ಹತ್ತಿ ತೆಗೆಯಲೇ ಇಲ್ಲ. ಹುಚ್ಚು ಹುಡುಗಿ.

ಬಂದಗಿಸಾಬ ಕುರುಡರಲ್ಲ. ಒಂದು ಸಂಜೆ ಸೂಜಿಗೆ ದಾರ ಪೋಣಿಸುತ್ತ ಅಂದರು, “ಮನಿ ಎದ್ದ ಮ್ಯಾಲ ನಿಮ್ಮ ಅಬ್ಬಾನ್ನ ಕರ್ಕೊಂಡ ಬಾರಪಾ. ತಗಡಿನ ಕೆಳಗ ಕುಂತು ಮಗಳ ನಿಕಾದ ಮಾತು ನಾ ಆಡಂಗಿಲ್ಲ.”

ಹೀಗೆ ಇಬ್ಬರ ಬಾಳೂ ಆ ಪಾಯಕ್ಕೆ ಗಂಟು ಬಿತ್ತು.

ಆದೇಶ ಬಂದ ದಿನ ಟೇಪು ಹಿಡಿಯಬೇಕಾದ ನೌಕರ ರಜೆಯಲ್ಲಿದ್ದ. ತಬಸ್ಸುಮಳೇ ಹಿಡಿಯಲು ಬಂದಳು. ಬಂದಗಿಸಾಬ ದೂರದಲ್ಲಿ, ಪಾಯದ ಬಳಿ ನಿಂತಿದ್ದರು. ಅರ್ಮಾನ ಅವಳನ್ನು ಕಟ್ಟೆಯ ಮೇಲೆ, ಗುಮ್ಮಟದ ಗೋಡೆಯವರೆಗೂ ಕರೆದೊಯ್ದ.

“ಟೇಪ ಇಲ್ಲೇ ಗ್ವಾಡಿಗೆ ಹಚ್ಚರಿ.”

“ಕಟ್ಟಿ ಅಂಚಿನಿಂದ ಅಳೀಬೇಕಂತ ನೀವ ಹೇಳಿದ್ರೆಲ್ಲಾ?”

ಅವನು ಅವಳ ಮುಖ ನೋಡಲಿಲ್ಲ. “ಇಲ್ಲಿಂದ ಅಳದ್ರ ನಿಮ್ಮ ಜಾಗ ಹೊರಗ ಬೀಳ್ತೈತಿ. ಸುಮ್ನ ಹಚ್ಚರಿ.”

ಅವನು ಟೇಪು ಎಳೆದುಕೊಂಡು ಹೊರಟ. ನಡುವೆ ಅದು ಸಡಿಲಾಯಿತು. ತಿರುಗಿ ನೋಡಿದರೆ ತಬಸ್ಸುಮ ಕಟ್ಟೆ ಇಳಿದು, ಅದರ ಅಂಚಿಗೆ ಟೇಪಿನ ತುದಿ ಒತ್ತಿ ಕೂತಿದ್ದಳು. ಅವನು ಕೈಯಿಂದ ಮೇಲೆ ಹೋಗೆಂದು ಸನ್ನೆ ಮಾಡಿದ. ಅವಳು ಅಲ್ಲಾಡಲಿಲ್ಲ.

“ಎಳೀರಿ!” ಅಂತ ಕೂಗಿದಳು. ಧ್ವನಿ ಒಡೆದಿತ್ತು.

ಜಾಗದ ಮುಕ್ಕಾಲು ಭಾಗ ನೂರು ಮೀಟರಿನ ಗೆರೆಯ ಒಳಗೇ ಬಿತ್ತು.

“ನಾಕ ಹೆಜ್ಜಿ ಆಚೀಚಿ ಮಾಡೂದು ನಿನ್ನ ಕೈಯಾಗಿತ್ತು,” ಅಂದರು ಬಂದಗಿಸಾಬ. “ನಿನಗ ಮನಸ್ಸ ಇರಲಿಲ್ಲ.”

ಅರ್ಮಾನ ತಲೆ ತಗ್ಗಿಸಿದ. “ನಂದ ತಪ್ಪರಿ ಚಾಚಾ.”

ಆಮೇಲೆ ಗುಮ್ಮಟದ ನೆರಳಲ್ಲಿ ಅವನು ಕೇಳಿದ್ದು ಒಂದೇ ಮಾತು. “ಯಾಕ?”

“ನಾಳೆ ಯಾರರೆ ತಿರುಗಿ ಅಳದ್ರ ನಿಮ್ಮ ನೌಕರಿ ಹೋಕೈತಿ, ಜೇಲೂ ಆಕೈತಿ. ದಿನಾ ಆ ಅಂಜಿಕಿ ಇಟ್ಕೊಂಡ ಆ ಮನ್ಯಾಗ ನಿಮ್ಮ ಜೋಡಿ ಹ್ಯಾಂಗ ನಗಲಿ?”

“ಈಗ ನಗ್ತೀಯೇನು?”

ಅವನು ಮೊದಲ ಸಲ ಏಕವಚನದಲ್ಲಿ ಕರೆದಿದ್ದ. ಅದನ್ನು ಕೇಳಲು ಅವಳು ಎಷ್ಟು ಆಸೆಪಟ್ಟಿದ್ದಳು! ತಗಡಿನ ಕಡೆ ನಡೆದುಬಿಟ್ಟಳು.

ಮೀರಜದಲ್ಲಿದ್ದ ತಬಸ್ಸುಮಳ ಚಿಕ್ಕಪ್ಪ ಇರಲು ಒಂದು ಖೋಲಿ ಕೊಡಲು ಒಪ್ಪಿದ. ಹತ್ತಿಯ ಗಂಟು, ಪಾತ್ರೆ, ತಗಡು ಎಲ್ಲ ಟೆಂಪೋ ಏರಿದವು. ಅರ್ಮಾನ ಬಂದು ಗಂಟು ಎತ್ತಲು ಕೈ ಚಾಚಿದಾಗ ಬಂದಗಿಸಾಬ ಅದನ್ನು ಕಸಿದುಕೊಂಡರು. ಮಗಳನ್ನು ಮುಂದೆ ಕೂರಿಸಿಕೊಂಡು ದಾರಿಯುದ್ದಕ್ಕೂ ಅವನನ್ನು ಶಪಿಸುತ್ತಲೇ ಬಂದರು.

“ಬೀದಿಗೆ ತಂದಾಂವಗ ಮಗಳನ್ನ ಕೊಡಾಕ ನಿಂತಿದ್ನಲ್ಲ, ನನ್ನ ಬುದ್ಧಿಗೆ ಏನಾಗಿತ್ತು!”

ಕುಡಚಿಯ ಹೊಳೆಯ ಸೇತುವೆ ಬಂದಾಗ ತಬಸ್ಸುಮಳಿಗೆ ತಡೆಯಲಾಗಲಿಲ್ಲ.

“ಅಬ್ಬಾ, ಅವರು ಗ್ವಾಡಿಗೆ ಹಚ್ಚಂದಿದ್ರು. ನಾನ ಕಟ್ಟಿ ಇಳದ ಬಂದೆ.”

ಬಂದಗಿಸಾಬ ಮಗಳ ಕಡೆ ತಿರುಗಿದರು.

“ಅಂವ ನನ್ನ ಮುಂದ ತನ್ನ ತಪ್ಪಂದ. ಅವತ್ತ ಖರೇ ಹೇಳಿದ್ದನಂದ್ರ ನಾ ಅವಂಗ ಬೈತಿದ್ದಿಲ್ಲಲ್ಲ ಬೇಟಿ?”

“ನನಗ ಬೈತಿದ್ರಿ. ಅದನ್ನ ಅವರು ತಡಕೋತಿದ್ದಿಲ್ಲ.”

ಮುದುಕರು ಗಾಡಿ ತಿರುಗಿಸು ಅನ್ನಲು ಡ್ರೈವರನ ಕಡೆ ಹೊರಳಿ ಬಾಯಿ ತೆರೆದರು. ತಿರುಗಿ ಹೋಗಲು ಮನೆಯೇ ಇರಲಿಲ್ಲ.