ದುಂಡವ್ವನ ನಾಲ್ಕು ಪಾಳಿ

ಬಹಳ ಬಹಳ ಹಿಂದೆ, ಬೆಟ್ಟಗಳು ತಮಗೆ ಬೇಕಾದ ಕಡೆ ಎದ್ದು ಹೋಗಿ ಕೂರುತ್ತಿದ್ದ ಕಾಲದಲ್ಲಿ, ಮೂರ್ಗಾಳಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದವರಿಗೆ ಕುಸ್ತಿ ಎಂದರೆ ಪ್ರಾಣ. ರಾಜ ಕೀರ್ತಿಮಲ್ಲನ ದೊಡ್ಡ ಗರಡಿಯಲ್ಲಿ ಮುನ್ನೂರು ಪೈಲ್ವಾನರಿದ್ದರು. ಒಬ್ಬೊಬ್ಬನೂ ದಿನಕ್ಕೆ ಒಂದು ಕೊಡ ಹಾಲು ಕುಡಿದು, ಕಂಡ ಕಂಡ ಮರಕ್ಕೆ ಭುಜ ಕೊಟ್ಟು ಅಲ್ಲಾಡಿಸುತ್ತಿದ್ದ. ಹಾಗಾಗಿ ಆ ಊರಿನಲ್ಲಿ ನೆಟ್ಟಗೆ ನಿಂತ ಮರ ಒಂದೂ ಇರಲಿಲ್ಲ.

ಅದೇ ಊರಿನಲ್ಲಿ ಇನ್ನೊಂದು ಗರಡಿಯೂ ಇತ್ತು. ಅದು ಇದೆಯೆಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಎಣ್ಣೆ ಗಾಣದ ಹಿಂದೆ ಒಂದು ಹಳೇ ಕೊಟ್ಟಿಗೆ. ಉದ್ದ ಹತ್ತು ಹೆಜ್ಜೆ, ಅಗಲ ಎಂಟು. ನೆಲಕ್ಕೆ ಕೆಮ್ಮಣ್ಣು ಹಾಕಿ, ಮಜ್ಜಿಗೆ, ಎಣ್ಣೆ ಬೆರೆಸಿ ಹದ ಮಾಡಿ, ಮೇಲೆ ಹುಲ್ಲಿನ ಚಾಪೆ ಹಾಸಿತ್ತು. ಅಲ್ಲಿ ಕಲಿಸುತ್ತಿದ್ದವರು ಈರಜ್ಜ. ಹರೆಯದಲ್ಲಿ ಹಡಗು ಹತ್ತಿ, ಸೂರ್ಯ ಹುಟ್ಟುವ ಕಡೆಯ ದ್ವೀಪಕ್ಕೆ ಹೋಗಿ, ಹನ್ನೆರಡು ವರ್ಷ ಒಂದು ವಿದ್ಯೆ ಕಲಿತು ಬಂದವರು. ಅಲ್ಲಿಯವರು ಅದಕ್ಕೆ ಐಕಿಡೊ ಎನ್ನುತ್ತಿದ್ದರಂತೆ. ಆ ಊರಿನ ಬಾಯಿಗೆ ಅದು ಹತ್ತಲಿಲ್ಲ. ‘ಈರಜ್ಜನ ತಿರುಗಾಟ’ ಎಂದೇ ಹೆಸರಾಯಿತು.

ಆ ವಿದ್ಯೆಯಲ್ಲಿ ಹೊಡೆಯುವುದೇ ಇಲ್ಲ. ಎದುರಿನವರು ಮುಂಗೈ ಹಿಡಿದರೆ ಕೊಸರಬಾರದು. ಅವರ ಪಕ್ಕಕ್ಕೇ ಒಂದು ಹೆಜ್ಜೆ ಒಳಗೆ ಹೋಗಬೇಕು, ಅವರು ನೋಡುವ ದಿಕ್ಕಿಗೇ ತಿರುಗಬೇಕು, ಅವರು ಹೊರಟಲ್ಲಿಗೆ ಅವರನ್ನು ಕಳಿಸಿಬಿಡಬೇಕು. ಹೆಜ್ಜೆ ಎತ್ತಿ ಇಡುವಂತಿಲ್ಲ, ನೆಲ ಸವರಿಕೊಂಡೇ ಜಾರಿಸಬೇಕು. ಇನ್ನು ಬೀಳುವುದಂತೂ ಮೊದಲ ವರ್ಷದ ಪೂರ್ತಿ ಪಾಠ. ಚೆಂಡಿನಂತೆ ಉರುಳಿ, ಬಿದ್ದ ವೇಗದಲ್ಲೇ ಎದ್ದು ನಿಲ್ಲಬೇಕು.

ಆ ಗರಡಿಗೆ ಒಂದು ಕಟ್ಟುಪಾಡಿತ್ತು. ಜೊತೆಗಾರರನ್ನು ನಾಲ್ಕು ಸಲ ಕೆಡವಬೇಕು. ಆಮೇಲೆ ಕೈಮುಗಿದು, ಮುಂಗೈ ಮುಂದೆ ಚಾಚಿ, ‘ಇನ್ನ ನಿಮ್ಮ ಪಾಳಿ’ ಎನ್ನಬೇಕು. ಆಗ ಅವರು ನಾಲ್ಕು ಸಲ ಕೆಡವುತ್ತಾರೆ, ತಾನು ಬೀಳಬೇಕು. ಬಿದ್ದವರು ಸೋತವರಲ್ಲ, ಕೆಡವಿದವರು ಗೆದ್ದವರೂ ಅಲ್ಲ. ಮರೆತು ಐದನೆಯ ಸಲ ಕೆಡವಿದವರನ್ನು ಅವತ್ತು ಯಾರೂ ಮಾತನಾಡಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿಯವರ ಮೈ ತಾನಾಗಿಯೇ ನಾಲ್ಕಕ್ಕೆ ನಿಲ್ಲುವಷ್ಟು ಪಳಗಿತ್ತು.

ಅಲ್ಲಿ ಮೂರು ವರ್ಷದಿಂದ ಕಲಿಯುತ್ತಿದ್ದವಳು ದುಂಡವ್ವ. ಹೆಸರಿಗೆ ತಕ್ಕಂತೆ ದುಂಡಗಿದ್ದಳು. ಹಗಲು ಗಾಣದಲ್ಲಿ ದುಡಿಮೆ, ಸಂಜೆ ತಿರುಗಾಟ. ಅವಳಿಗೆ ಈ ಜಗತ್ತಿನಲ್ಲಿ ಇದ್ದವನು ಒಬ್ಬನೇ ಅಣ್ಣ, ಭರಮಪ್ಪ. ತಾಯಿತಂದೆ ತೀರಿಕೊಂಡಾಗ ಅವಳನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ದೊಡ್ಡ ಗರಡಿಯ ಮುನ್ನೂರು ಜನರಲ್ಲಿ ಮೊದಲನೆಯವನು, ಬೆನ್ನಿಗೆ ಎಂದೂ ಮಣ್ಣು ಮೆತ್ತಿಸಿಕೊಳ್ಳದವನು. ತಂಗಿಯ ವಿದ್ಯೆ ಕಂಡರೆ ಅವನಿಗೆ ತಮಾಷೆ.

“ಬೀಳೂದು ಕಲ್ಯಾಕ ಗುರು ಬೇಕೇನು ತಂಗಿ? ಬಾಳೆಹಣ್ಣಿನ ಸಿಪ್ಪಿ ಸಾಕಲ್ಲ!” ಎಂದು ಊಟಕ್ಕೆ ಕೂತಾಗಲೆಲ್ಲ ಕಾಡುತ್ತಿದ್ದ. ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಹೀಗಿರಲು ಬಡಗಣ ಬೆಟ್ಟಕ್ಕೆ ಬಲಗಳ್ಳನೆಂಬ ಮಾಂತ್ರಿಕ ಬಂದು ಸೇರಿಕೊಂಡು, ಇಡೀ ರಾಜ್ಯವನ್ನೇ ತನಗೆ ಬಿಟ್ಟುಕೊಡಬೇಕೆಂದು ಹೇಳಿ ಕಳಿಸಿದ. ಅವನಿಗೊಂದು ಮಂತ್ರ ಸಿದ್ಧಿಸಿತ್ತು. ಅವನಿಗೆ ಹೊಡೆಯಲು ಕೈಯೆತ್ತಿದವರ, ಅವನನ್ನು ದೂಡಿದವರ, ತಡೆದವರ ಬಲವೆಲ್ಲ ಆ ಕ್ಷಣವೇ ಅವನ ಮೈಗೆ ಇಳಿಯುತ್ತಿತ್ತು. ಅವರು ನಿಂತಲ್ಲೇ ಕಲ್ಲಾಗುತ್ತಿದ್ದರು. ರಾಜ ಹತ್ತು ಪೈಲ್ವಾನರನ್ನು ಕಳಿಸಿದ, ಬರಲಿಲ್ಲ. ಇವರು ಮೆತ್ತಗೆ ಹೊಡೆದಿರಬೇಕು ಎಂದುಕೊಂಡು ಇನ್ನೂ ಗಟ್ಟಿಗರನ್ನು ಕಳಿಸಿದ. ಬುದ್ಧಿ ಇಲ್ಲದ ಊರಿಗೆ ಬಲ ಇದ್ದರೆ ಹೀಗೇ ಆಗುವುದು. ಕೊನೆಗೆ ಭರಮಪ್ಪನೂ ಮೀಸೆ ತಿರುವಿಕೊಂಡು ಹೋದ. ಅವನೂ ಬರಲಿಲ್ಲ.

ಮುನ್ನೂರು ಕಲ್ಲು ಲೆಕ್ಕಕ್ಕೆ ಸಿಕ್ಕ ಮೇಲೆ ಬಲಗಳ್ಳ ಡಂಗುರ ಸಾರಿಸಿದ. ಯುಗಾದಿಯ ದಿನ ಹೊಸ ಕೋಟೆಗೆ ಪಾಯ ಹಾಕುತ್ತಾನಂತೆ. ಆ ಮುನ್ನೂರು ಕಲ್ಲುಗಳನ್ನೂ ಅರೆದು ಗಾರೆ ಮಾಡುತ್ತಾನಂತೆ. ಯುಗಾದಿಗೆ ಉಳಿದದ್ದು ಒಂಬತ್ತು ದಿನ. ದುಂಡವ್ವ ಆ ಡಂಗುರ ಕೇಳಿದ ದಿನ ಒಲೆ ಹಚ್ಚಲಿಲ್ಲ. ತನ್ನನ್ನು ಹೊತ್ತ ಹೆಗಲು ಯಾರದೋ ಗೋಡೆಯ ಗಾರೆಯಾಗುವುದನ್ನು ನೆನೆದು ರಾತ್ರಿಯೆಲ್ಲ ಎದ್ದು ಕೂತಿದ್ದಳು. ಬೆಳಗಾದೊಡನೆ ಹೋಗಿ, ಬೆಟ್ಟಕ್ಕೆ ಹೊರಟೆನೆಂದು ಈರಜ್ಜನ ಕಾಲಿಗೆ ಬಿದ್ದಳು.

ಅಜ್ಜ ಬೇಡ ಎನ್ನಲಿಲ್ಲ. ಕತ್ತಿಯನ್ನೂ ಕೊಡಲಿಲ್ಲ, ತಾಯಿತವನ್ನೂ ಕಟ್ಟಲಿಲ್ಲ. ಒಂದು ಸಲ ತಿರುಗಿ ತೋರಿಸು ಎಂದರು. ಅವಳು ತಿರುಗಿ ತೋರಿಸಿದಳು.

“ತಿರುಗೂವಾಗ ಎಡ ಹಿಮ್ಮಡಿ ಇನ್ನೂ ಏಳಾಕತ್ತೈತಿ ನೋಡವ್ವ. ನೆಲ ಬಿಡಬ್ಯಾಡ. ಬಂದದ್ದನ್ನ ತಡೀಬ್ಯಾಡ. ಎಲ್ಲಿಗೆ ಹೊಂಟೈತೋ ಅಲ್ಲೀತನಕ ಕಳಿಸಿ ಬಾ,” ಎಂದು ತಲೆ ಮುಟ್ಟಿ ಕಳಿಸಿದರು.

ಅವಳು ಮೂರು ಹಗಲು ನಡೆದು ಬೆಟ್ಟದ ಬಾಯಿಗೆ ಬಂದಳು. ಅಲ್ಲಿ ಒಂದು ಕೋಣ ಕಾವಲಿತ್ತು. ಅದರ ಮೂಗಿನಿಂದ ಬೆಂಕಿ ಬರುತ್ತಿತ್ತು, ಕೊಂಬು ಎರಡಾಳು ಉದ್ದವಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಲಾಭವಿಲ್ಲ ಎನ್ನುತ್ತಾರೆ. ದುಂಡವ್ವನೂ ಕಿನ್ನರಿ ತಂದಿರಲಿಲ್ಲ. ಕೋಣ ತಲೆ ತಗ್ಗಿಸಿ ನುಗ್ಗಿತು. ಅವಳು ಓಡಲಿಲ್ಲ. ಒಂದು ಹೆಜ್ಜೆ ಕೊಂಬಿನ ಪಕ್ಕಕ್ಕೆ ಒಳಗೆ ಹೋಗಿ ಗರಕ್ಕನೆ ತಿರುಗಿದಳು. ಎಡ ಹಿಮ್ಮಡಿ ಎದ್ದೇ ಬಿಟ್ಟಿತು! ಕೊಂಬು ಸೆರಗನ್ನು ಸೀಳಿಕೊಂಡು ಹೋಯಿತು. ಕೋಣ ಮತ್ತೆ ತಿರುಗಿ ಬಂತು. ಈ ಸಲ ಅವಳು ಹಿಮ್ಮಡಿಯನ್ನು ನೆಲಕ್ಕೆ ಊರಿ, ಜಾರಿ, ಕೊಂಬಿನ ಮೇಲೆ ಅಂಗೈ ಇಟ್ಟು, ಅದು ಹೊರಟ ಕಡೆಗೇ ಕಳಿಸಿದಳು. ಅದು ಹೊರಟಿದ್ದು ಬೆಟ್ಟದ ಕೆಳಗಿನ ಕೆರೆಯ ಕಡೆಗೆ. ಧುಮುಕಿದೊಡನೆ ಮೂಗಿನ ಬೆಂಕಿ ಚುಂಯ್ ಎಂದು ಆರಿತು. ಕೋಣಕ್ಕೆ ಎಷ್ಟು ವರ್ಷಗಳ ಉರಿಯೋ ಪಾಪ, ನೀರಿನಲ್ಲಿ ಕಣ್ಣು ಮುಚ್ಚಿ ಮಲಗಿಬಿಟ್ಟಿತು.

ಬೆಟ್ಟದ ನಡುವೆ ಕೈಬಳ್ಳಿಯ ಕಾಡು. ಆ ಬಳ್ಳಿಗಳ ತುದಿಯಲ್ಲಿ ಎಲೆಯ ಬದಲು ಕೈಗಳಿದ್ದವು. ಅವು ದಾರಿಹೋಕರ ಮುಂಗೈ ಹಿಡಿಯುತ್ತಿದ್ದವು, ಎಳೆದಷ್ಟೂ ಬಿಗಿಯುತ್ತಿದ್ದವು. ಮೊದಲು ಬಲಗೈ ಹಿಡಿದವು, ಆಮೇಲೆ ಎಡಗೈ, ಆಮೇಲೆ ಹಿಂದಿನಿಂದ ಭುಜ. ದುಂಡವ್ವನಿಗೆ ನಗು ಬಂತು. ದಿನಾ ಸಂಜೆ ಅವಳು ಮಾಡುತ್ತಿದ್ದದ್ದು ಇದನ್ನೇ. ಅವಳು ಎಳೆಯದೆ ಬಳ್ಳಿಯ ಬುಡದ ಕಡೆಗೇ ನಡೆದಳು. ಬಗ್ಗಿ ತನ್ನ ಕೈಯ ಕೆಳಗೆ ತಾನೇ ನುಸುಳಿ ತಿರುಗಿದಳು, ಮತ್ತೆ ನುಸುಳಿ ಮತ್ತೆ ತಿರುಗಿದಳು. ಹಿಡಿದ ಬಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡು ಉದ್ದನೆಯ ಜಡೆಯಾಗಿ ಬಿದ್ದವು. ಯಾವ ಕೈ ಯಾರದ್ದೆಂದು ಅವಕ್ಕೇ ತಿಳಿಯಲಿಲ್ಲ. ದುಂಡವ್ವ ಜಡೆಯ ತುದಿಗೆ ಒಂದು ಗಂಟು ಹಾಕಿ ಮುಂದಕ್ಕೆ ನಡೆದಳು.

ಬೆಟ್ಟದ ನೆತ್ತಿಯಲ್ಲಿ ಒಂದು ಬಯಲು. ಬಯಲಿನ ತುಂಬ ಮುನ್ನೂರು ಕಲ್ಲು. ಎಲ್ಲಕ್ಕಿಂತ ಮುಂದೆ ಭರಮಪ್ಪ, ಬಲಮುಷ್ಟಿ ಎತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಹೊಡೆಯಲು ಒಂದು ಹೆಜ್ಜೆ ಮುಂದಿಟ್ಟ ಭಂಗಿಯಲ್ಲಿ ನಿಂತಿದ್ದ. ಅವಳು ಹೋಗಿ ಆ ಕಲ್ಲಿನ ಕೆನ್ನೆ ಮುಟ್ಟಿದಳು. ಅದು ತಣ್ಣಗಿತ್ತು. ಅವಳ ಕಣ್ಣು ತುಂಬಿ ಬಂತು. ಅವನ ಕಾಲ ಬಳಿಯೇ ಗಾರೆ ಅರೆಯುವ ಗಾಣ ಸಿದ್ಧವಾಗಿತ್ತು.

ಬಲಗಳ್ಳ ತನ್ನ ಗವಿಯಿಂದ ಹೊರಗೆ ಬಂದ. ಮುನ್ನೂರು ಜನರ ಬಲ ತುಂಬಿಕೊಂಡು ತೇಗುತ್ತಿದ್ದ ಆಸಾಮಿ. ಕಾಲಿಟ್ಟಲ್ಲಿ ನೆಲ ಕುಸಿಯುತ್ತಿತ್ತು. ಪೈಲ್ವಾನರೆಲ್ಲ ಮುಗಿದು ಈಗ ಒಂದು ಹೆಣ್ಣು ಬಂತೇ ಎಂದು ಹೊಟ್ಟೆ ಹಿಡಿದು ನಕ್ಕ. ಹೊಡಿ ಎಂದು ಎದೆ ಚಾಚಿದ. ಅವಳು ಹೊಡೆಯಲಿಲ್ಲ. ಬೈದ. ಅವಳು ಬೈಯಲಿಲ್ಲ. ಕಾದು ಕಾದು ಅವನಿಗೇ ಸಾಕಾಗಿ ಮೈಮೇಲೆ ಬಿದ್ದ.

ಅವಳು ಒಳಹೆಜ್ಜೆ ಇಟ್ಟು ತಿರುಗಿದಳು. ಅವನು ತನ್ನ ಭಾರಕ್ಕೆ ತಾನೇ ಮುಗ್ಗರಿಸಿ ಬಿದ್ದ. ಅವಳು ದೂಡಿರಲಿಲ್ಲ, ತಡೆದಿರಲಿಲ್ಲ. ಮಂತ್ರಕ್ಕೆ ಹೀರಲು ಏನೂ ಸಿಗಲಿಲ್ಲ. ಎದ್ದು ಬಂದು ಮುಂಗೈ ಹಿಡಿದ, ಎರಡನೆಯ ಸಲ ಬಿದ್ದ. ಕತ್ತು ಹಿಡಿಯಲು ಬಂದು ಮೂರನೆಯ ಸಲ ಬಿದ್ದ. ಹಿಂದಿನಿಂದ ಬಂದು ನಾಲ್ಕನೆಯ ಸಲ ಬಿದ್ದು ಮೂಗು ಜಜ್ಜಿಕೊಂಡ. ಆದರೆ ಎಷ್ಟು ಬಿದ್ದರೇನು, ಮೈಯಲ್ಲಿ ಮುನ್ನೂರು ಜನರ ಬಲ. ಮತ್ತೆ ಎದ್ದ.

ಆಗ ದುಂಡವ್ವ ಒಂದು ತಪ್ಪು ಮಾಡಿದಳು. ಆ ಗರಡಿಯವರನ್ನು ಬಿಟ್ಟು ಬೇರೆ ಯಾರೂ ಮಾಡಲಾರದ ತಪ್ಪು. ಮೂರು ವರ್ಷ ಪಳಗಿದ ಮೈ, ನಾಲ್ಕು ಆಯಿತು ಎಂದು ತಾನಾಗಿಯೇ ನಿಂತಿತು. ಅವಳು ಕೈಮುಗಿದಳು, ಮುಂಗೈ ಮುಂದೆ ಚಾಚಿದಳು.

“ಇನ್ನ ನಿಮ್ಮ ಪಾಳಿ ರೀ,” ಎಂದಳು.

ಎಂದ ಮೇಲೆ ಅವಳಿಗೆ ತಪ್ಪು ತಿಳಿಯಿತು. ಬಲಗಳ್ಳ ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಬಾಚಿ ಆ ಮುಂಗೈ ಹಿಡಿದು, ನೂರು ಜನರ ಬಲ ಹಾಕಿ ಅವಳನ್ನು ಆಕಾಶಕ್ಕೆ ಎಸೆದ. ದುಂಡವ್ವ ಮೋಡ ಮುಟ್ಟಿ ಬಂದಳು. ಭುಜ ಕೊಟ್ಟು, ಬೆನ್ನು ಬಾಗಿಸಿ, ಬಯಲಿನ ಉದ್ದಕ್ಕೂ ಉರುಳಿ, ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಏನೂ ಆಗಿರಲಿಲ್ಲ.

ಆದರೆ ಬಯಲಿನ ಆಚೆ ಯಾರೋ ಸೀನಿದರು. ನೋಡಿದರೆ ನೂರು ಕಲ್ಲುಗಳು ಜನರಾಗಿ ಕಣ್ಣುಜ್ಜುತ್ತಿದ್ದವು! ಅವಳು ತಡೆಯದೆ ಉರುಳಿದ್ದರಿಂದ ಆ ನೂರು ಜನರ ಬಲಕ್ಕೆ ಬಡಿದು ಅವನ ಮೈಗೆ ಹಿಂದಿರುಗಲು ಗೋಡೆ ಸಿಕ್ಕಿರಲಿಲ್ಲ. ಅದು ಅಲೆದು ಅಲೆದು ತನ್ನ ಮನೆಗೇ, ಅಂದರೆ ಆ ಪೈಲ್ವಾನರ ಮೈಗೇ ಹೋಗಿತ್ತು. ಬಲಗಳ್ಳ ಅದುವರೆಗೂ ಕದ್ದು ತುಂಬಿಸಿಕೊಂಡಿದ್ದನೇ ಹೊರತು ಒಮ್ಮೆಯೂ ಖರ್ಚು ಮಾಡಿರಲಿಲ್ಲ. ಈಗಲೂ ಅವನಿಗೆ ತಿಳಿಯಲಿಲ್ಲ. ಸಿಟ್ಟಿನಲ್ಲಿ ಇನ್ನೂ ನೂರು ಜನರ ಬಲ ಹಾಕಿ ಎಸೆದ. ಅವಳು ಉರುಳಿ ಎದ್ದಳು, ಇನ್ನೂ ನೂರು ಕಲ್ಲು ಸೀನಿದವು. ಮೂರನೆಯ ಸಲ ಎಸೆದ. ತೊಂಬತ್ತೊಂಬತ್ತು ಜನ ಎದ್ದರು.

ಆಗ ಅವನಿಗೆ ಅರ್ಥವಾಯಿತು. ಮೈಯಲ್ಲಿ ಉಳಿದದ್ದು ಒಬ್ಬನ ಬಲ, ಭರಮಪ್ಪನದು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ದುಂಡವ್ವ ಮುಂಗೈ ಚಾಚಿಕೊಂಡೇ ನಿಂತಳು.

“ಇನ್ನೊಂದು ಉಳದೈತಿ ರೀ.”

“ಒಲ್ಲೆ. ನಿನ್ನ ಕೈ ಮುಟ್ಟೂದಿಲ್ಲ,” ಎಂದ ಬಲಗಳ್ಳ. “ಆ ಕಲ್ಲನ್ನೇ ಒಡೀತೇನಿ. ಮನೀನ ಇಲ್ಲದಿದ್ದರ ಬಲ ಎಲ್ಲಿಗೆ ಹೋದೀತು?”

ಅವನು ಭುಜ ಮುಂದು ಮಾಡಿ ಭರಮಪ್ಪನ ಕಲ್ಲಿನ ಕಡೆಗೆ ನುಗ್ಗಿದ. ಅಡ್ಡ ನಿಂತು ತಡೆಯೋಣವೆಂದು ದುಂಡವ್ವನ ಮೈಯೆಲ್ಲ ಕೂಗಿತು. ತಡೆದರೆ ತಾನೂ ಕಲ್ಲು, ಅಣ್ಣನೂ ಪುಡಿ. ಅವಳು ಹಲ್ಲು ಕಚ್ಚಿ, ಅಡ್ಡ ಹೋಗದೆ, ಅವನ ಪಕ್ಕಕ್ಕೇ ಜಾರಿ ಹೋದಳು. ಅವನ ಹೆಜ್ಜೆಗೆ ಹೆಜ್ಜೆ ಹಾಕಿದಳು. ಕಲ್ಲು ಒಂದು ಮಾರು ದೂರವಿದೆ ಎನ್ನುವಾಗ ತನ್ನ ಮುಂಗೈಯನ್ನು ಮೆಲ್ಲಗೆ ಅವನ ಅಂಗೈಯೊಳಗೆ ಇಟ್ಟು, ತಿರುಗಿದಳು. ಓಡುವವನು ಕೈಗೆ ಏನು ಸಿಕ್ಕರೂ ಹಿಡಿಯುತ್ತಾನೆ. ಹಿಡಿದ, ತಿರುಗಿದ. ಇದ್ದ ಬಲವೆಲ್ಲ ಅವಳೊಂದಿಗೆ ಸುತ್ತಿ ಅವನಿಂದ ಹೊರಟು ಹೋಯಿತು. ದುಂಡವ್ವ ಉರುಳಿ ಉರುಳಿ ಎದ್ದಳು. ನಾಲ್ಕು ಪಾಳಿ ಮುಗಿಯಿತು.

ಬಲಗಳ್ಳ ಎಂದೂ ಸ್ವಂತದ ಬಲ ಗಳಿಸಿದವನಲ್ಲ. ಒಣಗಿದ ಹುಣಸೆಕಾಯಿಯಂತೆ ಮುದುಡಿ ಕೂತ. ಮಂತ್ರ ಹೇಳಲು ಬಾಯಿ ಎತ್ತುವಷ್ಟೂ ಕಸುವಿರಲಿಲ್ಲ. ಪೈಲ್ವಾನರು ನಾಲ್ಕು ಬಾರಿಸೋಣವೆಂದು ಬಂದರೆ ದುಂಡವ್ವ ಬಿಡಲಿಲ್ಲ. ಆಮೇಲೆ ಅವನು ರಾಜನ ಗೋಶಾಲೆಯಲ್ಲಿ ಸಗಣಿ ಬಾಚಿ, ತನ್ನ ಅನ್ನಕ್ಕೆ ತಾನು ದುಡಿಯುವಷ್ಟು ಬಲ ಸಂಪಾದಿಸಿದನಂತೆ.

ಆದರೆ ಆ ಗಳಿಗೆಯಲ್ಲಿ ದುಂಡವ್ವ ಅವನನ್ನು ನೋಡುತ್ತಲೇ ಇರಲಿಲ್ಲ. ಕಲ್ಲಿನ ಕೆನ್ನೆಗೆ ಕೆಂಪು ಬರುತ್ತಿತ್ತು. ಮೀಸೆ ಅಲುಗಿತು. ಭರಮಪ್ಪನಿಗೆ ತಾನು ಕಲ್ಲಾಗಿದ್ದು ಗೊತ್ತೇ ಇರಲಿಲ್ಲ. ಅರ್ಧಕ್ಕೆ ನಿಂತಿದ್ದ ಆ ಏಟನ್ನು ಈಗ ಪೂರ್ತಿ ಬೀಸಿದ. ಎದುರಿಗೆ ಯಾರೂ ಇಲ್ಲ! ಗಾಳಿಗೆ ಗುದ್ದಿ, ಒಂದು ಸುತ್ತು ತಿರುಗಿ, ದಬ್ಬೆಂದು ಮಕಾಡೆ ಬಿದ್ದ. ಇನ್ನೂರ ತೊಂಬತ್ತೊಂಬತ್ತು ಪೈಲ್ವಾನರು ಬಾಯಿಬಿಟ್ಟುಕೊಂಡು ನೋಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಭರಮಪ್ಪನ ಮೀಸೆ ಪೂರಾ ಮಣ್ಣಾಗಿತ್ತು.

ಅವನು ಮಣ್ಣು ಉಗುಳುತ್ತ ತಲೆಯೆತ್ತಿದ. ಎದುರಿಗೆ ತಂಗಿ. ಅವಳು ಯಾಕಿಲ್ಲಿ, ಯಾಕೆ ನಗುತ್ತ ಅಳುತ್ತಿದ್ದಾಳೆ, ಒಂದೂ ತಿಳಿಯಲಿಲ್ಲ.

“ಗೆದ್ದೆನೇನ ತಂಗಿ?” ಎಂದು ಕೇಳಿದ.

ದುಂಡವ್ವ ಅವನ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳು ಬೆಚ್ಚಗಿದ್ದವು.

“ಗೆದ್ದಿ ಅಣ್ಣ,” ಎಂದಳು. “ಏಳು, ಮನಿಗೆ ಹೋಗೂಣು.”

ಮುನ್ನೂರು ಜನ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಪಾಳಿ ಪಾಳಿಯಲ್ಲಿ ಹೊತ್ತು, ಯುಗಾದಿಗೆ ಸರಿಯಾಗಿ ಊರು ಮುಟ್ಟಿಸಿದರು. ಊರೆಲ್ಲ ಬೇವು ಬೆಲ್ಲ ಹಂಚಿತು. ಆ ವರ್ಷ ಯಾರ ಪಾಲಿಗೂ ಬೇವು ಕಹಿಯಾಗಲಿಲ್ಲ. ರಾಜ, ಅಜ್ಜ, ಅಣ್ಣ, ತಂಗಿ ಎಲ್ಲರೂ ನೂರು ವರ್ಷ ನಗುನಗುತ್ತ ಬಾಳಿದರು, ಅಲ್ಲಿಯ ಮರಗಳು ನೆಟ್ಟಗೆ ಬೆಳೆದವು, ಕತೆ ಕೇಳಿದವರ ಮನೆಯೂ ತಣ್ಣಗಿರಲಿ.